ನಾನೂರ ಹನ್ನೆರಡು ಕುರ್ಚಿಗಳ ಮೈದಾನ

ರಾಷ್ಟ್ರೀಯ ರಗ್ಬಿ ಮಂಡಳಿಯ ಪಂದ್ಯಸ್ಥಳ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ನಮ್ಮ ಊರಿನ ರಗ್ಬಿ ಮೈದಾನದಲ್ಲಿ ನಾನೂರ ಹನ್ನೆರಡಕ್ಕಿಂತ ಹೆಚ್ಚು ಪ್ರೇಕ್ಷಕರಿಗೆ ಜಾಗವಿಲ್ಲವೆಂದು ತಾವು ತೀರ್ಮಾನಿಸಿದ್ದೀರಿ. ಆ ಕಾರಣಕ್ಕೆ, ಈ ಋತುವಿನ ಕೊನೆಯ ಮಹಿಳಾ ಅಂತರರಾಷ್ಟ್ರೀಯ ಪಂದ್ಯ ನಡೆಯಬಹುದಾದ ಸ್ಥಳಗಳ ಪಟ್ಟಿಯಿಂದ ನಮ್ಮನ್ನು ಕೈಬಿಟ್ಟಿದ್ದೀರಿ. ಆ ಸಂಖ್ಯೆ ತಪ್ಪು. ಅದನ್ನು ತಮಗೆ ಬರೆದು ಕಳಿಸಿದವಳು ನಾನು. ಹಾಗಾಗಿ ಪತ್ರಿಕೆಗೆ ಕೊಟ್ಟಿರುವ ಈ ಬಹಿರಂಗ ಪತ್ರದಲ್ಲಿ ಬೈಸಿಕೊಳ್ಳುವವರ ಸಾಲಿನಲ್ಲಿ ಮೊದಲು ನಾನೇ ನಿಂತಿದ್ದೇನೆ, ತಾವು ಎರಡನೆಯವರು. ಗಾಬರಿಯಾಗದೆ ಓದಬಹುದು.

ಮೈದಾನದ ಹಿಂದಿನ ಬೀದಿಯಲ್ಲಿ ನನ್ನದೊಂದು ಲಾಂಡ್ರಿ ಇದೆ. ಇಪ್ಪತ್ತಾರು ವರ್ಷದಿಂದ ಊರಿನ ಕ್ಲಬ್ಬಿನ ಜೆರ್ಸಿಗಳನ್ನು ಒಗೆಯುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಶಟರ್ ಎತ್ತುವ ಹೊತ್ತಿಗೆ ಬಾಗಿಲಲ್ಲಿ ಎರಡು ಮೂಟೆ ಬಿದ್ದಿರುತ್ತವೆ. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ತಗುಲಿದರೆ ಕಲೆ ಜೆರ್ಸಿಯ ಜೊತೆಗೇ ಮುದಿಯಾಗುತ್ತದೆ. ಕೆಸರು ಪೂರ್ತಿ ಒಣಗಬೇಕು, ಬ್ರಷ್ಷಿನಲ್ಲಿ ಉದುರಿಸಬೇಕು, ಆಮೇಲೆ ನೀರು. ಯಾರು ಯಾವ ಜಾಗದಲ್ಲಿ ಆಡುತ್ತಾರೆ ಎಂಬುದನ್ನು ನಾನು ನಂಬರು ನೋಡದೆ ಹೇಳಬಲ್ಲೆ. ಅಂಚಿನಲ್ಲಿ ಓಡುವವರ ಜೆರ್ಸಿ ಮೊಣಕೈಯಲ್ಲಿ ಸವೆದಿರುತ್ತದೆ. ಎಂಟೆಂಟು ಜನ ತಲೆಗೆ ತಲೆ ಕೊಟ್ಟು ನೂಕುವ ಸ್ಕ್ರಮ್ಮಿನಲ್ಲಿ ನಟ್ಟನಡುವೆ ನಿಲ್ಲುವ ಎರಡನೇ ನಂಬರಿನದು ಎರಡೂ ಕಂಕುಳ ಕೆಳಗೆ ಹರಿದಿರುತ್ತದೆ, ಅಕ್ಕಪಕ್ಕದ ಇಬ್ಬರು ಅಲ್ಲೇ ಹಿಡಿದುಕೊಳ್ಳುವುದರಿಂದ. ಹೊಲಿಯುವುದೂ ನಾನೇ. ಮೂರು ವರ್ಷದ ಹಿಂದಿನವರೆಗೆ ಇಸ್ತ್ರಿ ನನ್ನ ಅಕ್ಕನ ಕೆಲಸವಾಗಿತ್ತು. ಅವಳ ವಿಷಯ ಮುಂದೆ ಬರುತ್ತದೆ.

ಅಂಗಡಿಯ ಹಿಂಭಾಗದಲ್ಲಿ ಬಟ್ಟೆ ಮಡಚುವ ಉದ್ದನೆಯ ಮೇಜೊಂದಿದೆ. ಊರಿನ ರಗ್ಬಿ ಅಭಿಮಾನಿಗಳ ಸಂಸತ್ತು ನಡೆಯುವುದು ಅದರ ಸುತ್ತ. ಖಾಯಂ ಸದಸ್ಯರು ಮೂವರು: ಗಣಿತದ ಮೇಷ್ಟ್ರು, ರಾಜಧಾನಿಗೆ ಬಸ್ಸು ಓಡಿಸುವ ಡ್ರೈವರು, ಮೈದಾನದ ಮಾಲಿ. ಅಂತರರಾಷ್ಟ್ರೀಯ ಪಂದ್ಯಗಳು ಎಲ್ಲಿ ನಡೆಯಬೇಕು ಎಂಬ ಬಗ್ಗೆ ಇವರು, ತಾವು ಅಧ್ಯಕ್ಷರಾಗಿರುವ ಸಮಿತಿ ಹುಟ್ಟುವುದಕ್ಕೆ ಮೊದಲಿಂದಲೂ ಚರ್ಚಿಸುತ್ತಿದ್ದಾರೆ. ಹೆಚ್ಚುಕಮ್ಮಿ ತಾವು ಸಾಧಿಸಿದಷ್ಟೇ ಪ್ರಗತಿ ಸಾಧಿಸಿದ್ದಾರೆ.

"ರಾಜಧಾನಿ ಸ್ಟೇಡಿಯಮ್ಮಿಗೆ ಸೂರಿದೆ ಮೇಷ್ಟ್ರೇ. ನಮ್ಮಲ್ಲೇನಿದೆ?" ಎನ್ನುತ್ತಾನೆ ಡ್ರೈವರು.

"ಆಡೋರು ನೆನೀತಾ ಇರ್ಬೇಕಾದ್ರೆ ನೋಡೋನಿಗ್ಯಾಕಯ್ಯ ಸೂರು? ಒಂದ್ಸಲ ಅಲ್ಲಿ, ಒಂದ್ಸಲ ಇಲ್ಲಿ, ಸರದಿ ಮೇಲೆ ಆಡಿಸ್ಲಿ. ಭಾಗಾಕಾರ ಬಂದ್ರೆ ಸಾಕು, ದೊಡ್ಡ ವಿದ್ಯೆ ಬೇಡ."

"ಅಲ್ಲಾದ್ರೆ ನಾನೇ ಎಲ್ಲರನ್ನೂ ಕರ್ಕೊಂಡು ಹೋಗ್ತೀನಲ್ಲ."

"ಹನ್ನೊಂದು ಗಂಟೆ ನಿನ್ನ ಬಸ್ಸಲ್ಲಿ ಕೂತೋನಿಗೆ ಆಮೇಲೆ ರಗ್ಬಿ ಬೇಕಾಗಲ್ಲ, ಮೂಳೆ ಡಾಕ್ಟ್ರು ಬೇಕಾಗ್ತಾರೆ."

ಇಂಥ ಒಂದು ಅಧಿವೇಶನದ ನಡುವೆಯೇ, ಪಂದ್ಯ ಬೇಕೆಂದು ಕೋರುವ ಊರುಗಳು ತುಂಬಿ ಕಳಿಸಬೇಕಾದ ತಮ್ಮ ನಮೂನೆ ಬಂತು. ಒಟ್ಟು ಹದಿನಾಲ್ಕು ಪುಟ. ನನ್ನ ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಪೆನ್ನು ನನ್ನ ಕೈಗೆ ಬಂತು. ಆರನೇ ಪುಟದಲ್ಲಿ "ಪ್ರೇಕ್ಷಕರ ಆಸನಗಳ ಸಂಖ್ಯೆ" ಎಂದಿತ್ತು. ಮಾಲಿ ಪ್ರಾಮಾಣಿಕ ಮನುಷ್ಯ. ಅಂದಾಜಿನಲ್ಲಿ ಬರೆಯಲು ಬಿಡಲಿಲ್ಲ. ಎದ್ದು ಹೋಗಿ ಪಶ್ಚಿಮದ ಅಟ್ಟಣೆಯಲ್ಲಿರುವ ಒಂದೊಂದು ಕುರ್ಚಿಯ ಮೇಲೂ ಕೂತು, ಅಲುಗಾಡಿಸಿ, ಎರಡು ಗಂಟೆಯ ನಂತರ ಬಂದ. ಒಟ್ಟು ನಾನೂರ ಮೂವತ್ತೊಂದು, ಅದರಲ್ಲಿ ಹತ್ತೊಂಬತ್ತು ಮುರಿದಿವೆ. ಸರ್ಕಾರಕ್ಕೆ ಸುಳ್ಳು ಹೇಳಬಾರದೆಂದು ಮುರಿದವನ್ನು ಕಳೆದೆವು. ನಾನು ಅಂಕಿಯಲ್ಲೂ ಅಕ್ಷರದಲ್ಲೂ ನಾನೂರ ಹನ್ನೆರಡು ಎಂದು ಬರೆದೆ. ಕೆಳಗೆ "ಇತರೆ ವಿವರಗಳಿದ್ದಲ್ಲಿ" ಎಂದಿತ್ತು. ನಾಲ್ವರೂ ಯೋಚಿಸಿದೆವು. "ಇಲ್ಲ" ಎಂದು ಬರೆದೆ.

ಮಾನ್ಯರೇ, ನಮ್ಮ ಊರಿನಲ್ಲಿ ಯಾರೂ ಕೂತು ರಗ್ಬಿ ನೋಡುವುದಿಲ್ಲ. ಪೂರ್ವಕ್ಕೆ ಹುಲ್ಲಿನ ದೊಡ್ಡ ದಿಬ್ಬವಿದೆ, ಊರೆಲ್ಲ ಅಲ್ಲಿ ನಿಲ್ಲುತ್ತದೆ. ಕುರ್ಚಿಗಳಿರುವುದು ಕಾಲು ಮುರಿದವರಿಗೆ, ತುಂಬು ಗರ್ಭಿಣಿಯರಿಗೆ ಮತ್ತು ಹೊರಗಿನಿಂದ ಬಂದ ಅಧಿಕಾರಿಗಳಿಗೆ. ಪಂದ್ಯದ ಎಂಬತ್ತು ನಿಮಿಷ ಆಟಗಾರರು ಅಲ್ಲಿ ಒಬ್ಬರನ್ನೊಬ್ಬರು ನೂಕುತ್ತಿರುವಾಗ ಇಲ್ಲಿ ನಾವು ಕಾಲು ಚಾಚಿ ಕೂರುವುದು ಹೇಗೆ ಎಂದು ನಮ್ಮ ಹಿರಿಯರಿಗೆ ಅನಿಸಿರಬೇಕು, ಯಾರಿಗೆ ಮೊದಲು ಅನಿಸಿತೋ ಗೊತ್ತಿಲ್ಲ. ನಿಲ್ಲುವುದು ಒಂದು "ವಿವರ" ಎಂದು ಆ ದಿನ ನಮಗೆ ಹೊಳೆಯಲೇ ಇಲ್ಲ. ಮೀನಿಗೆ ನಮೂನೆ ಕೊಟ್ಟರೆ ಅದು ನೀರನ್ನು "ಇತರೆ ವಿವರ"ದಲ್ಲಿ ಬರೆಯುತ್ತದೆಯೇ? ಹನ್ನೊಂದು ವರ್ಷದ ಹಿಂದೆ ಇಲ್ಲಿ ನಡೆದ ಕೊನೆಯ ಅಂತರರಾಷ್ಟ್ರೀಯ ಪಂದ್ಯದ ದಿನ ಬಾಗಿಲಲ್ಲಿ ಹರಿದಿಟ್ಟ ಟಿಕೆಟ್ ಚೂರುಗಳನ್ನು ಮೇಷ್ಟ್ರು ಎಣಿಸಿದ್ದರು: ಒಂಬತ್ತು ಸಾವಿರದ ನೂರ ಆರು. ಆ ದಿನ ಕುರ್ಚಿಯಲ್ಲಿ ಕೂತಿದ್ದವರು ಅರವತ್ತು ಜನ. ಅವರಲ್ಲಿ ಹೆಚ್ಚಿನವರು ತಮ್ಮ ಮಂಡಳಿಯವರೇ.

ತಮ್ಮ ಉತ್ತರ ಚುಟುಕಾಗಿತ್ತು. "ಮೈದಾನದ ಸಾಮರ್ಥ್ಯ ನಾನೂರ ಹನ್ನೆರಡು ಎಂದು ತಾವೇ ದೃಢೀಕರಿಸಿರುವುದರಿಂದ ಕೋರಿಕೆಯನ್ನು ಪರಿಗಣಿಸಲಾಗದು." ತಪ್ಪಾಯಿತೆಂದು ಅದೇ ದಿನ ತಮ್ಮ ಕಚೇರಿಗೆ ಫೋನು ಮಾಡಿದೆ. ಎತ್ತಿಕೊಂಡವರು ಬಹಳ ಸಜ್ಜನರು.

"ನಿಂತಿರೋರನ್ನ ಬರೆಯೋಕೆ ನಮ್ಮ ನಮೂನೇಲಿ ಕಾಲಮ್ಮೇ ಇಲ್ಲ ಮೇಡಂ."

"ಒಂದು ಸೇರಿಸಿ ಸಾರ್."

"ನಮೂನೆ ಬದಲಾಯಿಸೋ ಸಮಿತಿ ಬೇರೆ ಇದೆ ಮೇಡಂ."

"ಅದರ ಅಧ್ಯಕ್ಷರು ಯಾರು?"

"ಇವರೇ, ಈ ಸಮಿತಿ ಅಧ್ಯಕ್ಷರೇ."

"ಹಾಗಾದ್ರೆ ಇವರಿಗೇ ಹೇಳಿ."

"ಇವರು ಅವರಾಗಿರೋವಾಗ ಹೇಳ್ಬೇಕು ಮೇಡಂ. ಆ ಸಮಿತಿ ಮುಂದಿನ ವರ್ಷ ಸೇರುತ್ತೆ."

ಇರಲಿ. ತಾವು ಉಳಿಸಿಕೊಂಡಿರುವ ಮೂರು ಸ್ಥಳಗಳನ್ನು ಸ್ವಲ್ಪ ನೋಡೋಣ. ಮೊದಲನೆಯದು ರಾಜಧಾನಿಯ ಕ್ರೀಡಾಂಗಣ, ಅರವತ್ತೆರಡು ಸಾವಿರ ಆಸನ. ಕಳೆದ ಮಹಿಳಾ ಪಂದ್ಯಕ್ಕೆ ಅಲ್ಲಿಗೆ ಬಂದವರು ಮೂರು ಸಾವಿರದ ನೂರು ಎಂದು ತಮ್ಮದೇ ವರದಿ ಹೇಳುತ್ತದೆ. ಐವತ್ತೆಂಟು ಸಾವಿರದ ಒಂಬೈನೂರು ಖಾಲಿ ಕುರ್ಚಿಗಳ ಮುಂದೆ ನಮ್ಮ ಹೆಣ್ಣುಮಕ್ಕಳು ಆಡಿದರು. ಕುರ್ಚಿಗಳು ಚಪ್ಪಾಳೆ ತಟ್ಟುವುದಿಲ್ಲ ಎಂದು ತಮ್ಮ ತಾಂತ್ರಿಕ ತಂಡ ಗಮನಿಸಿರಬಹುದು. ಎರಡನೆಯದು ರಾಜಧಾನಿಯ ಹೊರವಲಯದಲ್ಲಿ ಹೊಸದಾಗಿ ಕಟ್ಟುತ್ತಿರುವ ಕ್ರೀಡಾಂಗಣ. ಅಲ್ಲಿ ಆಸನಗಳಿವೆ, ಇನ್ನೂ ಹುಲ್ಲಿಲ್ಲ. ಮೂರನೆಯದು ಸಮುದ್ರದಾಚೆಯ ಇನ್ನೊಂದು ದೇಶ. ನಮ್ಮ ತಂಡದ ತವರಿನ ಪಂದ್ಯವನ್ನು ಪರದೇಶದಲ್ಲಿ ಆಡಿಸುವ ಈ ಯೋಚನೆ ಯಾರದೋ ತಿಳಿಯದು. ಹೆಣ್ಣುಮಗಳನ್ನು ತವರಿಗೆ ಕರೆಯುತ್ತೇವೆ ಎಂದು ಹೇಳಿಕಳಿಸಿ, ಬಂದ ಮೇಲೆ ಅಪರಿಚಿತರ ಮನೆಯ ಜಗಲಿಯಲ್ಲಿ ಕೂರಿಸಿದ ಹಾಗೆ. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆಯಿಲ್ಲ ಎಂಬ ಗಾದೆಯನ್ನು ಇಷ್ಟು ಖರ್ಚಿಲ್ಲದೆಯೂ ಸಾಬೀತು ಮಾಡಬಹುದಿತ್ತು. ಡ್ರೈವರು ಕೂಡ ಈ ಪಟ್ಟಿ ನೋಡಿದ ಮೇಲೆ ರಾಜಧಾನಿಯ ಪಕ್ಷ ಬಿಟ್ಟಿದ್ದಾನೆ.

ಇಷ್ಟೇ ಆಗಿದ್ದರೆ ನಾನು ಪತ್ರಿಕೆಗೆ ಬರೆಯುತ್ತಿರಲಿಲ್ಲ, ಮೇಜಿನ ಸುತ್ತಲೇ ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಬರೆಯುತ್ತಿರುವುದು ಅಕ್ಕನಿಗಾಗಿ. ಬರೆಯಬೇಡ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಾಳೆ.

ತಮ್ಮ ರಾಷ್ಟ್ರೀಯ ಮಹಿಳಾ ತಂಡದಲ್ಲಿ ಎರಡನೇ ನಂಬರಿನ ಜೆರ್ಸಿ ತೊಡುವವಳು ನನ್ನ ಅಕ್ಕನ ಮಗಳು. ಮನೆಯಲ್ಲಿ ಅವಳು ಚೋಟು. ಚೋಟುದ್ದ ಇದ್ದಾಗ ಇಟ್ಟ ಹೆಸರು, ಈಗ ಎಂಬತ್ತೆರಡು ಕಿಲೋ ತೂಗುತ್ತಾಳೆ, ಹೆಸರು ಬದಲಾಯಿಸುವ ಸಮಿತಿ ನಮ್ಮಲ್ಲಿಲ್ಲ. ದೇಶಕ್ಕಾಗಿ ಏಳು ವರ್ಷದಿಂದ ಆಡುತ್ತಿದ್ದಾಳೆ. ವಯಸ್ಸು ಮೂವತ್ಮೂರು, ಎಡಭುಜಕ್ಕೆ ಎರಡು ಸಲ ಆಪರೇಷನ್ ಆಗಿದೆ. ಈ ಋತುವೇ ಕೊನೆಯದು ಎಂದು ಅವಳೇ ಹೇಳಿದ್ದಾಳೆ. ಈ ಏಳು ವರ್ಷದಲ್ಲಿ ಅವಳಮ್ಮ ಅವಳ ಒಂದು ಅಂತರರಾಷ್ಟ್ರೀಯ ಪಂದ್ಯವನ್ನೂ ಮೈದಾನದಲ್ಲಿ ನಿಂತು ನೋಡಿಲ್ಲ. ಮೊದಲ ನಾಲ್ಕು ವರ್ಷ ಅಂಗಡಿ ಬಿಟ್ಟು ಹೋಗಲಾಗಲಿಲ್ಲ, ಮುಂದಿನ ಸಲ ಹೋದರಾಯಿತು ಎಂದುಕೊಂಡೆವು. ಆಮೇಲೆ ಅಕ್ಕನ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಡಯಾಲಿಸಿಸ್. ತಮ್ಮ ಪಂದ್ಯಗಳು ಶನಿವಾರ ಮೂರಕ್ಕೆ. ಹನ್ನೊಂದು ಗಂಟೆಯ ಪ್ರಯಾಣ ಅವಳ ಹೃದಯ ತಡೆಯದು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಸಮುದ್ರದಾಚೆಯ ದೇಶದ ಬಗ್ಗೆ ನಾನು ಅವರನ್ನು ಕೇಳಲಿಲ್ಲ.

ಟಿವಿಯಲ್ಲಿ ನೋಡಬಹುದಲ್ಲ ಎಂದು ತಾವು ಕೇಳಬಹುದು. ಡಯಾಲಿಸಿಸ್ ಕೋಣೆಯಲ್ಲಿ ಆರು ಹಾಸಿಗೆಗಳಿಗೆ ಒಂದು ಟಿವಿ ಇದೆ. ರಿಮೋಟು ನಾಲ್ಕನೇ ಹಾಸಿಗೆಯ ನಿವೃತ್ತ ಗುಮಾಸ್ತರ ಬಳಿ ಇರುತ್ತದೆ. ಅವರಿಗೆ ಅಡುಗೆ ಕಾರ್ಯಕ್ರಮ ಇಷ್ಟ. ಅವರು ತಿನ್ನಬಾರದ್ದನ್ನೆಲ್ಲ ಅದರಲ್ಲಿ ತೋರಿಸುತ್ತಾರೆ, ಪಾಪ, ಅವರನ್ನು ಕೇಳಲು ಅಕ್ಕನಿಗೆ ಮನಸ್ಸು ಬರುವುದಿಲ್ಲ. ಮಗಳಿಗೆ ಮಾತ್ರ ಎಲ್ಲ ಪಂದ್ಯಗಳನ್ನೂ ನೋಡುತ್ತೇನೆ ಎಂದು ಹೇಳಿದ್ದಾಳೆ. ಹೋದ ತಿಂಗಳು ಪಂದ್ಯ ಮುಗಿದ ಮೇಲೆ ಚೋಟು ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

"ಅಮ್ಮಾ, ನೋಡಿದ್ಯಾ?"

"ನೋಡ್ದೆ ಕಣೇ. ಚೆನ್ನಾಗಿ ಓಡ್ದೆ ಇವತ್ತು."

ಭುಜದ ನೋವಿನಿಂದ ಚೋಟು ಅಂದು ಆಡಿರಲೇ ಇಲ್ಲ. ಬೆಂಚಿನ ಮೇಲೆ ಕೂತಿದ್ದಳು. ನಾನು ಮಾತ್ರೆಯ ಚೀಟಿ ಓದುವವಳಂತೆ ತಲೆ ತಗ್ಗಿಸಿದೆ.

"ಹೂಂ ಅಮ್ಮ," ಎಂದಳು ಚೋಟು. "ಇವತ್ತು ಚೆನ್ನಾಗೇ ಓಡ್ದೆ."

ನಮ್ಮ ಆಸ್ಪತ್ರೆಗೂ ಮೈದಾನಕ್ಕೂ ನಡುವೆ ಎರಡು ಬೀದಿ. ಒಂದು ವಾರ ಮೊದಲೇ ಹೇಳಿದರೆ ಶನಿವಾರದ ಸರದಿಯನ್ನು ಬೆಳಿಗ್ಗೆ ಆರಕ್ಕೆ ಹಾಕಿಕೊಡುತ್ತೇನೆ ಎಂದು ಅಲ್ಲಿನ ಸಿಸ್ಟರ್ ಒಪ್ಪಿದ್ದಾರೆ. ಹತ್ತಕ್ಕೆ ಮುಗಿಯುತ್ತದೆ. ಮೂರರವರೆಗೆ ಮಲಗಿ ಸುಧಾರಿಸಿಕೊಳ್ಳಬಹುದು. ಎಂಬತ್ತು ನಿಮಿಷ ನಿಲ್ಲಲು ಅವಳಿಂದ ಈಗ ಆಗುವುದಿಲ್ಲ. ಇದನ್ನು ಕೇಳಿದ ದಿನವೇ ಮಾಲಿ ಮುರಿದ ಹತ್ತೊಂಬತ್ತರಲ್ಲಿ ಒಂದನ್ನು, ಇಳಿಜಾರು ದಾರಿಯ ಪಕ್ಕದ್ದನ್ನು, ಬಿಚ್ಚಿ ರಿಪೇರಿ ಮಾಡಿ ಕೂರಿಸಿದ. ಆದ್ದರಿಂದ ತಮ್ಮ ಕಡತದಲ್ಲಿ ನಮ್ಮ ಸಾಮರ್ಥ್ಯ ಈಗ ನಾನೂರ ಹದಿಮೂರು ಎಂದಾಗಬೇಕು. ಅಕ್ಕ ಇನ್ನೂ ಒಪ್ಪಿಲ್ಲ. "ನಾನು ಕುರ್ಚೀಲಿ ಕೂತ್ರೆ ಜನ ಏನಂತಾರೆ?" ಎನ್ನುತ್ತಾಳೆ.

ಕಾಯಿಲೆಯ ವಿಷಯ ಬರೆಯಬಾರದು ಎಂದು ಅವಳು ಹಟ ಹಿಡಿದದ್ದು ಏಕೆಂದು ನನಗೆ ಗೊತ್ತು. "ಕನಿಕರಕ್ಕೆ ಮ್ಯಾಚ್ ಕೊಟ್ರು ಅಂತ ನನ್ನ ಮಗಳ ಬೆನ್ನ ಹಿಂದೆ ಯಾರೂ ಆಡ್ಕೋಬಾರದು. ಕೊಡೋದಾದ್ರೆ ಮೈದಾನ ನೋಡಿ ಕೊಡ್ಲಿ," ಎಂದಳು. ಅವಳು ಹೇಳುವುದು ನ್ಯಾಯವೇ. ಆದರೆ ನಾನೂರ ಹನ್ನೆರಡು ಎಂದು ಬರೆದ ಕೈ ನನ್ನದು. ಆ ಮೂರು ಅಂಕಿ ಬರೆಯುವಾಗ ನಾನು ಒಂದು ಕ್ಷಣ ತಲೆ ಎತ್ತಿ ಯೋಚಿಸಿದ್ದರೆ ಈ ಪತ್ರವೇ ಬೇಕಿರಲಿಲ್ಲ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದು ಬರೆದರೆ ತಮ್ಮ ಕಚೇರಿಯಲ್ಲಿ ಅದಕ್ಕೂ ಕಾಲಮ್ಮಿರುವುದಿಲ್ಲ. ನಾಚಿಕೆಯಾಗಿದೆ ಎಂದಷ್ಟೇ ಹೇಳುತ್ತೇನೆ.

ಹಾಗಾಗಿ ಕನಿಕರವನ್ನು ನಾನು ಕೇಳುತ್ತಿಲ್ಲ. ಈ ಶನಿವಾರ ನಮ್ಮಲ್ಲಿ ಕ್ಲಬ್ ಪಂದ್ಯವಿದೆ. ತಾವೇ ಬನ್ನಿ, ಕುರ್ಚಿಯ ಕಡೆ ಹೋಗದೆ ದಿಬ್ಬದ ಮೇಲೆ ನಿಂತು ಎಷ್ಟು ಜನ ಇದ್ದಾರೆಂದು ಎಣಿಸಿ. ಎಣಿಕೆ ತಪ್ಪಿದರೆ ಮೇಷ್ಟ್ರು ಜೊತೆಗಿರುತ್ತಾರೆ. ಆ ಸಂಖ್ಯೆಯನ್ನು ಆರನೇ ಪುಟದಲ್ಲಿ ತಮ್ಮ ಕೈಯಿಂದಲೇ ಬರೆದು, ನಮ್ಮ ಮೈದಾನವನ್ನು ಪಟ್ಟಿಗೆ ಮರಳಿ ಸೇರಿಸಿ. ಸೇರಿಸಿದ ಮೇಲೂ ಬೇರೆ ಸ್ಥಳವೇ ಉತ್ತಮ ಎಂದು ತೋರಿದರೆ ಕಾರಣವನ್ನು ಹೀಗೆಯೇ ಬಹಿರಂಗವಾಗಿ ಬರೆಯಿರಿ, ನಾವು ಓದುತ್ತೇವೆ.

ಇನ್ನೊಂದು ಮಾತು ಉಳಿದಿದೆ. ನಿನ್ನೆ ಮಾತ್ರೆ ಕೊಡುವಾಗ ಅಕ್ಕ ಬೇರೇನೋ ಮಾತಾಡುತ್ತಿದ್ದವಳು ನಡುವೆ ಕೇಳಿದಳು: "ಅಲ್ಲಾ ಕಣೇ, ಒಂದು ವೇಳೆ ಇಲ್ಲೇ ಮ್ಯಾಚ್ ಇಟ್ರು ಅಂತಿಟ್ಕೋ. ಮುಗಿದ ಮೇಲೆ ಅವಳನ್ನ ಮನೆಗೆ ಊಟಕ್ಕೆ ಬಿಡ್ತಾರಾ, ಇಲ್ಲಾ ತಂಡದ ಜೊತೆ ಹೋಟೆಲಿಗೇ ಕರ್ಕೊಂಡು ಹೋಗ್ತಾರಾ?" ತಮ್ಮ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ, ಎಲ್ಲೂ ಉತ್ತರವಿಲ್ಲ. ಪಂದ್ಯ ಎಲ್ಲಿ ಎಂಬುದನ್ನು ತೀರ್ಮಾನಿಸಲು ತಮಗೆ ಸಮಯ ಬೇಕಾಗಬಹುದು. ಇದೊಂದಕ್ಕೆ ದಯವಿಟ್ಟು ಬೇಗ ಉತ್ತರಿಸಿ. ಅವಳು ಆಗಲೇ ಏನು ಅಡುಗೆ ಮಾಡಬೇಕೆಂದು ಯೋಚಿಸುತ್ತಿದ್ದಾಳೆ.

ಇಂತಿ,
ಈ ಪತ್ರ ಅಚ್ಚಾದ ದಿನ ಅಕ್ಕನಿಗೆ ಏನು ಉತ್ತರ ಕೊಡಬೇಕೆಂದು ತಿಳಿಯದ
ಒಬ್ಬ ತಂಗಿ