ತೀರಿಕೊಂಡದ್ದು ನನ್ನ ಅಕ್ಕ, ಬೊಂಬೆಯಲ್ಲ

ಸರ್ಕಾರಿ ಆಸ್ಪತ್ರೆಯ ಮಾನಸಿಕ ಚಿಕಿತ್ಸಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಾನು ತಮ್ಮಲ್ಲಿಗೆ ಬಂದದ್ದು ಅಕ್ಕ ತೀರಿಕೊಂಡ ದುಃಖಕ್ಕೆ. ತಾವು ಚಿಕಿತ್ಸೆ ಕೊಡುತ್ತಿರುವುದು ನಾನು ಹೆಣ್ಣಾಗಿರುವುದಕ್ಕೆ. ಇಷ್ಟೇ ನನ್ನ ದೂರು. ಹುಟ್ಟಿದಾಗ ಗಂಡು ಎನ್ನಿಸಿಕೊಂಡ ನಾನು ಹೆಣ್ಣಾಗಿ ಬಾಳುತ್ತಿರುವುದು ನಮ್ಮ ಬೀದಿಗೆ ಹಳಸಿದ ಸುದ್ದಿ. ತಮ್ಮ ಕೋಣೆಯಲ್ಲಿ ಮಾತ್ರ ಅದು ಪ್ರತಿಸಲವೂ ಬಿಸಿಬಿಸಿ.

ನಾನು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಕ್ಕ ಹೋದಮೇಲೆ ಅಂಗಿಯ ಎಡತೋಳನ್ನು ಬಲಕ್ಕೆ, ಬಲತೋಳನ್ನು ಎಡಕ್ಕೆ ಕೂಡಿಸತೊಡಗಿದೆ. ಅಂಗಡಿಯ ಒಡತಿ ಬೈಯಲಿಲ್ಲ. "ಮೊದ್ಲು ಡಾಕ್ಟ್ರಿಗೆ ತೋರಿಸ್ಕೊಂಡು ಬಾಮ್ಮ. ಸರಿಹೋದ್ಮೇಲೆ ಮಿಷನ್ ಮುಟ್ಟುವೆಯಂತೆ" ಎಂದರು. ಅಂದರೆ ತಾವು ನನ್ನನ್ನು ಸರಿಮಾಡುವವರೆಗೆ ನನಗೆ ಕೆಲಸವಿಲ್ಲ.

ತಮ್ಮ ವೈದ್ಯರು ಬಲು ಸೌಜನ್ಯವಂತರು. ಕುರ್ಚಿ ಕೊಟ್ಟರು, ಫ್ಯಾನ್ ಹಾಕಿದರು. "ಸಾರ್, ಅಕ್ಕ ಹೋಗ್ಬಿಟ್ಲು" ಎಂದೆ. "ಸರಿ, ನೀವು ಹೆಣ್ಣು ಅಂತ ಮೊದಲು ಯಾವಾಗ ಅನ್ನಿಸ್ತು?" ಎಂದರು. ಮುಂದಿನ ಸಲ ಇನ್ನೊಬ್ಬ ವೈದ್ಯರು; ಚಿಕ್ಕಂದಿನಲ್ಲಿ ಬೊಂಬೆ ಆಡುತ್ತಿದ್ದೆನೇ ಎಂದೂ ವಿಚಾರಿಸಿದರು. ಅದರ ಮುಂದಿನ ಸಲ ಕಲಿಯುವ ವೈದ್ಯರ ದಂಡೇ ಗೋಡೆಗೊರಗಿ ನಿಂತಿತ್ತು. ಪಾಪ, ಅವರೂ ಕಲಿಯಬೇಕಲ್ಲ! ಬೊಂಬೆಯ ಕಥೆಗೆ ಒಂದಿಷ್ಟು ಉಪ್ಪುಖಾರ ಬೆರೆಸಿಯೇ ಹೇಳಿದೆ. ಕೊನೆಗೆ, "ಈ ಬೇಜಾರಿಗೆಲ್ಲ ಮೂಲ ನಿಮ್ಮ ಬದಲಾವಣೆನೇ" ಎಂದು ತೀರ್ಪಾಯಿತು. ಮಾನ್ಯರೇ, ಹೆಣ್ಣಾಗಿ ಬಾಳುತ್ತಲೇ ನನ್ನ ತಲೆ ನರೆತಿದೆ. ತೋಳು ಅದಲುಬದಲಾದದ್ದು ಮೊನ್ನೆಮೊನ್ನೆ. ನಮ್ಮಂಥವರ ಮನೆಯಲ್ಲಿ ಯಾರೂ ಸಾಯುವುದೇ ಇಲ್ಲವೆಂದು ತಮ್ಮ ಪಠ್ಯಪುಸ್ತಕದಲ್ಲಿದೆಯೇ? ಬಾಡಿಗೆ ಮನೆ ಸಿಗದ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯೇ ಉಳಿಯುವ ನೋವುಗಳೂ ನಮಗೆ ಬೇಕಾದಷ್ಟಿವೆ. ಅವನ್ನಾದರೂ ಯಾರು ಕೇಳಿದರು?

ಹೊರಗೆ ಬೆಂಚಿನಲ್ಲಿ, ತಮ್ಮನನ್ನು ಕಳೆದುಕೊಂಡ ಟೀಚರಮ್ಮನೊಬ್ಬರು ನನ್ನ ಪಕ್ಕದಲ್ಲಿದ್ದರು. ಅದೇ ಕೋಣೆ, ಅದೇ ವೈದ್ಯರು. ಹೊರಬರುವಾಗ ಅವರ ಮುಖ ಹಗುರಾಗಿತ್ತು.

"ಏನ್ ಕೇಳಿದ್ರು ಟೀಚರ್?" ಎಂದೆ.

"ತಮ್ಮ ಹೇಗಿದ್ದ, ಅವ್ನಿಗೆ ಏನಿಷ್ಟ ಅಂತೆಲ್ಲ. ನಿಮ್ಗೆ?"

ಹೇಳಿದೆ. ಅವರು ಮತ್ತೆ ನನ್ನ ಪಕ್ಕ ಕೂತು, "ನಿಮ್ಮಕ್ಕ ಹೇಗಿದ್ರು?" ಎಂದರು.

ಅಲ್ಲಿಗೆ ಮುಗಿಯಿತು, ಗಳಗಳನೆ ಅತ್ತುಬಿಟ್ಟೆ. ಮನೆಯವರೆಲ್ಲ ಮುಖದ ಮೇಲೆ ಬಾಗಿಲು ಹಾಕಿದಾಗ ಅಕ್ಕನೊಬ್ಬಳೇ ಒಳಗೆ ಕರೆದಿದ್ದಳು. "ಕೂದ್ಲು ಬಿಡೋಕ್ ಬರುತ್ತೆ, ಜಡೆ ಹಾಕ್ಕೊಳೋಕ್ ಬರಲ್ವೇನೇ? ಬಾ, ಕೂತ್ಕೋ" ಎಂದು ಬೈದು, ಸಿಕ್ಕು ಬಿಡಿಸಿ, ನಾನು ಕಿರುಚಿದಾಗ ತಲೆಗೊಂದು ಮೊಟಕಿದ್ದಳು. ಅಷ್ಟು ಸಲೀಸಾಗಿ ನನ್ನನ್ನು ತಂಗಿ ಮಾಡಿಕೊಂಡವಳು ಅವಳು. ಅವಳಿಲ್ಲದೆ ನನಗೆ ಬಹಳ ಕಷ್ಟವಾಗುತ್ತಿದೆ.

ಸೋಮವಾರ ಮತ್ತೆ ಬರುತ್ತೇನೆ. ನನ್ನ ಬೇಡಿಕೆ ಒಂದೇ. ಅಂದು ತಮ್ಮ ವೈದ್ಯರು ನನ್ನ ಚರಿತ್ರೆಯನ್ನು ಪಕ್ಕಕ್ಕಿಟ್ಟು, ಅಕ್ಕ ಹೇಗೆ ಸತ್ತಳೆಂದು ಕೇಳಲಿ. ಇಷ್ಟು ಸಲ ಬಂದುಹೋದರೂ ತಮ್ಮಲ್ಲಿ ಒಬ್ಬರೂ ಅದನ್ನು ಕೇಳಿಲ್ಲ.

ಇಂತಿ,
ತಮ್ಮ ವಿಭಾಗದ ಪಾಲಿಗೆ ಅಪರೂಪದ ಪ್ರಕರಣ,
ಅಕ್ಕನ ಪಾಲಿಗೆ ಬರೀ ತಂಗಿ