ನನ್ನ ಪ್ರೋಗ್ರಾಂ ಗೆದ್ದ ದಿನ

೧೪ ಮೇ ೨೦೦೪, ಗಜೇಂದ್ರಗಡ

ಹಲವು ಲೆಕ್ಕಗಳನ್ನು ಒಂದೇ ಏಟಿಗೆ ಮುಗಿಸುವಂತೆ ಕಂಪ್ಯೂಟರಿಗೆ ಹೇಳುವ ಹೊಸ ಇನ್‌ಸ್ಟ್ರಕ್ಷನ್‌ಗಳನ್ನು ನಮ್ಮ ಕಂಪನಿಯ ಪ್ರೊಸೆಸರಿಗಾಗಿ ಎರಡು ವರ್ಷ ನಾನೇ ಕೂತು ರೂಪಿಸಿದ್ದೆ. ಇವತ್ತು ಆ ಕೆಲಸವನ್ನು ನಾನೇ ಬರೆದ ಪ್ರೋಗ್ರಾಮಿಗೆ ಕೊಟ್ಟೆ. ಚಹಾ ಆರುವುದರೊಳಗೆ ಅದು ನನ್ನವನ್ನೆಲ್ಲ ಬದಿಗೆ ತಳ್ಳಿ, ನನಗೆಂದೂ ಹೊಳೆಯದ ಒಂದನ್ನು ಮುಂದಿಟ್ಟಿತು. ತಪ್ಪಿರಲೇಬೇಕೆಂದು ಮಧ್ಯಾಹ್ನವಿಡೀ ಹುಡುಕಿದೆ. ತಪ್ಪಿಲ್ಲ. ನನ್ನದಕ್ಕಿಂತ ದುಪ್ಪಟ್ಟು ವೇಗ. ಹಾಳಾದ್ದು!

ಪಡಸಾಲೆಗೆ ಬಂದಾಗ ನನ್ನ ಮುಖ ನೋಡಿ ಅಮ್ಮಿ ಮಗ್ಗ ನಿಲ್ಲಿಸಿಬಿಟ್ಟಳು. ಸೆರಗು ಅರ್ಧ ಇರುವಾಗ ನಮ್ಮ ಮನೆಯಲ್ಲಿ ಮಗ್ಗ ನಿಲ್ಲುವುದು ಸಾವಿನ ಸುದ್ದಿಗೆ ಮಾತ್ರ.

"ಯಾರ್ ಹೋದ್ರ, ನಾಹೀದ?"

"ಯಾರೂ ಇಲ್ಲ ಅಮ್ಮಿ. ನನ್ನ ಪ್ರೋಗ್ರಾಂ ಗೆದ್ದೈತಿ."

ಅವಳು ಕೈಯಲ್ಲಿದ್ದ ಲಾಳಿ ಕೆಳಗಿಟ್ಟಳು.

"ಹಂಗಾರ ಸೋತವ್ರು ಯಾರ?"