ಆರುಮುಗಂ ಬೆಂದ ಕೋಣೆಯ ಬೀಗ

ಉರಿಗಾಂ, ನವೆಂಬರ್ ೧೯೫೬

ಚಿತ್ರಮಂದಿರಗಳಿಗೆ ಲೈಸೆನ್ಸ್ ದಯಪಾಲಿಸುವ ಮಾನ್ಯ ಅಧಿಕಾರಿಗಳೇ,

ಕಳೆದ ಸೋಮವಾರ ಉರಿಗಾಮಿನಲ್ಲಿ ನಮ್ಮ ಟಾಕೀಸಿನ ಮುಂದೆ, ನಿಮ್ಮ ಕಣ್ಣೆದುರೇ, ಮುಷ್ಕರ ಹೂಡಿದ್ದ ನಮ್ಮನ್ನು ಬಡಿದು ಕೆಡವಿದರು. ಜೀಪಿನಲ್ಲಿ ಕೂತು ನೋಡಿದ ತಾವು ಅದನ್ನು 'ನೌಕರರ ಒಳಜಗಳ' ಎಂದು ಪತ್ರಿಕೆಯವರಿಗೆ ಹೇಳಿದಿರಿ. ನಾನು ಅಲ್ಲಿ ಹೆಂಗಸರ ಗೇಟಿನಲ್ಲಿ ಟಿಕೆಟ್ ಹರಿಯುವವಳು. ಆ ಜಗಳ ಎಲ್ಲಿ ಶುರುವಾಯಿತೆಂದು ನಾನು ಹೇಳುತ್ತೇನೆ.

ಆರುಮುಗಂ ನಮ್ಮಲ್ಲಿ ಚಿತ್ರ ಓಡಿಸುವ ಆಪರೇಟರ್. ಆಟದ ನಡುವೆ ಬೀಡಿ ಸೇದಲು ಹೊರಗೆ ಬರುತ್ತಾನೆಂದು ಮಾಲೀಕರು ಯಂತ್ರದ ಕೋಣೆಗೆ ಹೊರಗಿನಿಂದ ಬೀಗ ಹಾಕಿಸಿದರು. ದೀಪಾವಳಿಯ ಮ್ಯಾಟಿನಿಯಲ್ಲಿ ಹಳೆಯ ಫಿಲಂ ಹೊತ್ತಿಕೊಂಡಿತು. ಬೀಗದ ಕೈ ಮಾಲೀಕರ ಜೇಬಿನಲ್ಲಿ; ಮಾಲೀಕರು ಬಂಗಾರಪೇಟೆಯ ತಮ್ಮ ಇನ್ನೊಂದು ಟಾಕೀಸಿನಲ್ಲಿ. "ಅಕ್ಕಾ, ಕದ ತೆಗಿಯಕ್ಕಾ, ಮೈಯೆಲ್ಲಾ ಬೇಯ್ತೈತೆ!" ಎಂದು ಅವನು ಕದದಾಚೆ ನಿಂತ ನನ್ನನ್ನು ಕರೆದು ಅರಚುತ್ತಿದ್ದ. ಪಾಳಿ ಮುಗಿಸಿ ಆಟಕ್ಕೆ ಬಂದಿದ್ದ ಗಣಿಯ ಗಂಡಸರು ಬೆಂಚು ಎತ್ತಿ ಗುದ್ದಿ ಗುದ್ದಿ ಕದ ಮುರಿದರು. ಅಷ್ಟರಲ್ಲಿ ಕೂಗು ನಿಂತಿತ್ತು. ಹೆಣ ಎಳೆದಾಗ ಅಂಗೈಯ ಚರ್ಮ ಕದಕ್ಕೇ ಅಂಟಿಕೊಂಡು ಉಳಿಯಿತು. ಮಾನ್ಯರೇ, ಒಂದು ಬೀಡಿಗೆ ಇಷ್ಟು ಶಿಕ್ಷೆ ಯಾವ ಕಾನೂನಿನಲ್ಲಿದೆ?

ಮುಂದಿನ ವಾರವೇ ಹೊಸ ಕದ ಬಂತು, ಹೊಸ ಬೀಗವೂ ಬಂತು. ಆಗ ನಮ್ಮ ಸಂಘದ ಕುಪ್ಪುಸ್ವಾಮಿ ಎರಡೂ ಟಾಕೀಸುಗಳಲ್ಲಿ ಕೆಲಸ ನಿಲ್ಲಿಸಿದ. "ಬೀಗ ತಗೀರಿ ಸಾಮಿ, ಈಗ್ಲೇ ಓಗಿ ಆಟ ಶುರು ಮಾಡ್ತೀವಿ" ಎಂದು ಮಾಲೀಕರಿಗೆ ಹೇಳಿದ. ಬೇರೇನೂ ಕೇಳಲಿಲ್ಲ. ಉತ್ತರವಾಗಿ ಲಾರಿ ತುಂಬ ರೌಡಿಗಳು ಬಂದರು. ಕೈಯಲ್ಲಿ ಸೈಕಲ್ ಚೈನು, ಕಬ್ಬಿಣದ ಸಲಾಕೆ. "ಏನ್ಲಾ, ಬೀಗ ಬೇಡ್ವಾ ನಿಂಗೆ?" ಎನ್ನುತ್ತ ಒಬ್ಬ ಕುಪ್ಪುಸ್ವಾಮಿಯ ಮೊಣಕಾಲಿಗೆ ಸಲಾಕೆ ಬೀಸಿದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ನಿಮ್ಮ ಜೀಪು ಅಷ್ಟೇನೂ ದೂರದಲ್ಲಿರಲಿಲ್ಲ. ಬಿದ್ದವನಿಗೆ ಅಡ್ಡ ನಿಂತ ನನ್ನ ಬೆನ್ನಿಗೆ ಚೈನಿನ ಏಟು ಬಿತ್ತು. ನಾನೂ ಸುಮ್ಮನಿರಲಿಲ್ಲ; ಸೋಡಾ ಬಾಟಲಿ ಎತ್ತಿ ಆ ಸಲಾಕೆಯವನ ಮುಖಕ್ಕೆ ಬಾರಿಸಿದೆ. ಅದಕ್ಕೆ ನನ್ನ ಮೇಲೆ ಕೇಸು ಹಾಕಿಸಿದ್ದೀರಂತೆ; ಧಾರಾಳವಾಗಿ ನಡೆಸಿ.

ಅಂದು ಸಂಜೆ ಹೊರಗಿನ ಕೆಲಸಗಾರರನ್ನು ಕರೆಸಿ ಆಟ ನಡೆಸಿದರು. ಗೇಟಿನ ನೆಲದ ಮೇಲಿನ ರಕ್ತ ನೋಡಿ ಗಣಿಯವರೆಲ್ಲ ಹಿಂದಿರುಗಿದರು. ಒಳಗೆ ಚಿತ್ರ ನೋಡಿದ್ದು ಮಾಲೀಕರು ಮತ್ತು ಅವರ ಪಕ್ಕದ ಕುರ್ಚಿಯಲ್ಲಿ ತಾವು. ಚೆನ್ನಾಗಿತ್ತೇ?

ಬೀಗ ತೆಗೆಯುವವರೆಗೆ ಎರಡೂ ಟಾಕೀಸುಗಳ ಲೈಸೆನ್ಸ್ ರದ್ದು ಮಾಡಿ. ಲಾರಿ ಕಳಿಸಿದವರನ್ನು ಜೈಲಿಗೆ ಹಾಕಿಸಿ. ಆಗದು ಎನ್ನುವುದಾದರೆ ಆಸ್ಪತ್ರೆಗೆ ಬಂದು ಕುಪ್ಪುಸ್ವಾಮಿಗೇ ಹೇಳಿ. ನಿನ್ನೆ ಅವನ ಕಾಲು ಕತ್ತರಿಸಿದರು. ಎಚ್ಚರವಾದೊಡನೆ ಅವನು ಕೇಳಿದ್ದು ಕಾಲಿನ ವಿಷಯವಲ್ಲ: "ಅಕ್ಕಾ, ಗೇಟ್ ತಾವ ಯಾರವ್ರೆ?"

"ಎಲ್ಲಾರೂ ಅವ್ರೆ ಕಣಪ್ಪಾ" ಎಂದೆ.

ಇಂತಿ,
ನಿಮ್ಮ ಪೊಲೀಸರು ಊರೆಲ್ಲ ಹುಡುಕುತ್ತಿರುವ, ಗೇಟಿನಲ್ಲೇ ಸಿಗುವ
ಮುನಿರತ್ನಮ್ಮ